ಥೀಮ್ ನಮ್ಮದು, ಪರವಾನಗಿ ಯಾರದು?

ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿದ್ದವು. ಮುಕ್ತ ತಂತ್ರಾಂಶವೊಂದಕ್ಕೆ ನಾವು ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ತುಣುಕು) ಅಥವಾ ಥೀಮ್ (ತಾಣದ ನೋಟವನ್ನು ರೂಪಿಸುವ ಕಡತಗಳ ಕಟ್ಟು) ಬರೆದರೆ, ಆ ತಂತ್ರಾಂಶದ ಪರವಾನಗಿ ನಮ್ಮ ಕೆಲಸಕ್ಕೂ ಅನ್ವಯಿಸುತ್ತದೆಯೇ ಎಂಬುದೇ ಆ ವಿಷಯ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಗ್ರಹಿಸಿ ಕೊಟ್ಟಿದೆ.

ಪ್ರಶ್ನೆ: ಎಂಟು ವರ್ಷಗಳಿಂದ ವರ್ಡ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಜಾಲತಾಣಗಳನ್ನು ಮಾಡಿಕೊಡುತ್ತಿದ್ದೇನೆ. ಈಗ ಸ್ವಂತ ಥೀಮ್ ಒಂದನ್ನು ಬರೆದು ಮಾರಬೇಕೆಂದಿದ್ದೇನೆ. ಅದರಲ್ಲಿ ಒಂದು ಸಾಲನ್ನೂ ಯಾರಿಂದಲೂ ನಕಲು ಮಾಡಿಲ್ಲ. ಹಾಗಿದ್ದರೂ ಅದನ್ನು ವರ್ಡ್‌ಪ್ರೆಸ್‌ನ ಪರವಾನಗಿಯಾದ ಜಿಪಿಎಲ್‌ನಲ್ಲೇ (ಜನರಲ್ ಪಬ್ಲಿಕ್ ಲೈಸೆನ್ಸ್) ಕೊಡಬೇಕು ಎಂದು ಗೆಳೆಯರು ಹೇಳುತ್ತಾರೆ. ನಾನು ಬರೆದದ್ದಕ್ಕೆ ಬೇರೆಯವರ ಷರತ್ತು ಹೇಗೆ ತಗಲುತ್ತದೆ? — ಹುಬ್ಬಳ್ಳಿಯ ಓದುಗರು

ಉತ್ತರ: ಮೊದಲಿಗೆ ಒಂದು ಆತಂಕವನ್ನು ದೂರ ಮಾಡುತ್ತೇನೆ. ನೀವು ಬರೆದ ಸಾಲುಗಳ ಕೃತಿಸ್ವಾಮ್ಯ ನಿಮ್ಮದೇ. ಅದನ್ನು ಜಿಪಿಎಲ್ ಕಿತ್ತುಕೊಳ್ಳುವುದಿಲ್ಲ. ಫ್ರೀ ಸಾಫ್ಟ್‌ವೇರ್ ಫೌಂಡೇಷನ್ 1991ರ ಜೂನ್‌ನಲ್ಲಿ ಹೊರತಂದ ಜಿಪಿಎಲ್‌ನ ಎರಡನೆಯ ಆವೃತ್ತಿ ತನ್ನ ಎರಡನೆಯ ವಿಧಿಯಲ್ಲಿ ಕೇಳುವುದು ಇಷ್ಟು: ಈ ತಂತ್ರಾಂಶವನ್ನು ಪೂರ್ತಿಯಾಗಿ ಅಥವಾ ಭಾಗಶಃ ಒಳಗೊಂಡ, ಇಲ್ಲವೇ ಅದರಿಂದ ಹುಟ್ಟಿದ ಕೃತಿಯನ್ನು ನೀವು ಇನ್ನೊಬ್ಬರಿಗೆ ಹಂಚುವುದಾದರೆ, ಆ ಇಡೀ ಕೃತಿಯನ್ನು ಇದೇ ಪರವಾನಗಿಯ ಮೇಲೆ ಹಂಚಬೇಕು. ಅದೇ ವಿಧಿ ಇನ್ನೊಂದು ಮಾತನ್ನೂ ಹೇಳುತ್ತದೆ. ಮೂಲ ತಂತ್ರಾಂಶದಿಂದ ಹುಟ್ಟದ, ಸ್ವತಂತ್ರವೆಂದು ಪರಿಗಣಿಸಬಹುದಾದ ಭಾಗಗಳನ್ನು ಪ್ರತ್ಯೇಕ ಕೃತಿಗಳಾಗಿ ಹಂಚಿದಾಗ ಈ ಷರತ್ತು ಅವುಗಳಿಗೆ ತಗಲುವುದಿಲ್ಲ. ಪ್ಲಗಿನ್ ಎಂಬ ಪದವಾಗಲಿ ಥೀಮ್ ಎಂಬ ಪದವಾಗಲಿ ಆ ಪಠ್ಯದಲ್ಲಿ ಎಲ್ಲಿಯೂ ಇಲ್ಲ. ಹಾಗಾಗಿ ‘ನಾನು ನಕಲು ಮಾಡಿದೆನೇ’ ಎಂದು ಕೇಳಿಕೊಂಡರೆ ಸಾಲದು, ‘ನನ್ನ ಥೀಮ್ ವರ್ಡ್‌ಪ್ರೆಸ್‌ನಿಂದ ಹುಟ್ಟಿದ ಕೃತಿಯೇ ಅಥವಾ ತನ್ನ ಕಾಲ ಮೇಲೆ ನಿಲ್ಲುವ ಕೃತಿಯೇ’ ಎಂದು ಕೇಳಿಕೊಳ್ಳಬೇಕು.

ಇದಕ್ಕೆ ಉತ್ತರ ಹುಡುಕಲು ಥೀಮ್ ಕೆಲಸ ಮಾಡುವ ಬಗೆಯನ್ನೇ ನೋಡಬೇಕು. ಓದುಗರೊಬ್ಬರು ನಿಮ್ಮ ಜಾಲತಾಣದ ಪುಟವನ್ನು ತೆರೆದಾಗ ಸರ್ವರ್‌ನಲ್ಲಿ ವರ್ಡ್‌ಪ್ರೆಸ್‌ನ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡತಗಳು ಓಡಲು ತೊಡಗುತ್ತವೆ. ಅವು ನಿಮ್ಮ ಥೀಮಿನ ಪಿಎಚ್‌ಪಿ ಕಡತಗಳನ್ನು ತಮ್ಮೊಳಕ್ಕೇ ಸೇರಿಸಿಕೊಳ್ಳುತ್ತವೆ, ಮತ್ತು ಎರಡೂ ಒಂದೇ ಪ್ರೋಗ್ರಾಮಿನಂತೆ ಒಂದೇ ಮೆಮೊರಿಯಲ್ಲಿ ಓಡುತ್ತವೆ. ನಿಮ್ಮ ಕಡತ ವರ್ಡ್‌ಪ್ರೆಸ್‌ನ ಫಂಕ್ಷನ್‌ಗಳನ್ನು ಕರೆಯುತ್ತದೆ, ಅದರ ಹುಕ್‌ಗಳಿಗೆ (ಹೊರಗಿನ ಕೋಡ್ ಸೇರಲೆಂದು ಬಿಟ್ಟ ಕೊಕ್ಕೆಗಳಿಗೆ) ತನ್ನ ಫಂಕ್ಷನ್‌ಗಳನ್ನು ತಗುಲಿಹಾಕುತ್ತದೆ, ಅದರ ವೇರಿಯಬಲ್‌ಗಳನ್ನು ಓದುತ್ತದೆ, ಬದಲಿಸುತ್ತದೆ. ವರ್ಡ್‌ಪ್ರೆಸ್ ಇಲ್ಲದೆ ಆ ಕಡತವನ್ನು ಒಂಟಿಯಾಗಿ ಓಡಿಸಿದರೆ ಮೊದಲ ಕರೆಯಲ್ಲೇ ದೋಷ ತೋರಿಸಿ ನಿಂತುಬಿಡುತ್ತದೆ. ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ತನ್ನ ವಿವರಣೆಯಲ್ಲಿ ಹಾಕಿರುವ ಗೆರೆಯೂ ಇದೇ. ಮುಖ್ಯ ತಂತ್ರಾಂಶವು ಪ್ಲಗಿನ್ನನ್ನು ಪ್ರತ್ಯೇಕ ಪ್ರೋಗ್ರಾಮಾಗಿ ಓಡಿಸಿ ಅದರ ಫಲಿತಾಂಶವನ್ನಷ್ಟೇ ಪಡೆಯುವುದಾದರೆ ಎರಡೂ ಬೇರೆ ಕೃತಿಗಳು. ಎರಡೂ ಒಟ್ಟಿಗೆ ಬೆಸೆದುಕೊಂಡು, ಪರಸ್ಪರ ಫಂಕ್ಷನ್‌ಗಳನ್ನು ಕರೆಯುತ್ತ, ದತ್ತಾಂಶದ ರಚನೆಗಳನ್ನು ಹಂಚಿಕೊಳ್ಳುವುದಾದರೆ ಅವು ಸೇರಿ ಒಂದೇ ಕೃತಿ.

2009ರಲ್ಲಿ ವರ್ಡ್‌ಪ್ರೆಸ್‌ನ ಸಹಸಂಸ್ಥಾಪಕ ಮ್ಯಾಟ್ ಮುಲ್ಲೆನ್‌ವೆಗ್ ಈ ಬಗ್ಗೆ ಸಾಫ್ಟ್‌ವೇರ್ ಫ್ರೀಡಮ್ ಲಾ ಸೆಂಟರ್ ಎಂಬ ಕಾನೂನು ಸಂಸ್ಥೆಯ ಅಭಿಪ್ರಾಯವನ್ನು ಕೇಳಿ ಪಡೆದರು. ವರ್ಡ್‌ಪ್ರೆಸ್ ಜೊತೆಗೇ ಬರುತ್ತಿದ್ದ ಥೀಮ್‌ಗಳನ್ನು ಪರಿಶೀಲಿಸಿದ ಆ ಸಂಸ್ಥೆ, ಥೀಮಿನ ಪಿಎಚ್‌ಪಿ ಭಾಗ ವರ್ಡ್‌ಪ್ರೆಸ್‌ನಿಂದ ಹುಟ್ಟಿದ ಕೃತಿಯೆಂದೂ ಅದನ್ನು ಜಿಪಿಎಲ್ ಅಡಿಯಲ್ಲೇ ಹಂಚಬೇಕೆಂದೂ, ಚಿತ್ರಗಳು ಮತ್ತು ಪುಟದ ಬಣ್ಣ, ಅಳತೆಗಳನ್ನು ಹೇಳುವ ಸಿಎಸ್‌ಎಸ್ ಕಡತಗಳಿಗೆ ಆ ಕಟ್ಟು ಇಲ್ಲವೆಂದೂ ಹೇಳಿತು. ಮರುವರ್ಷವೇ ಇದು ದೊಡ್ಡ ಜಗಳವಾಯಿತು. ಥೀಸಿಸ್ ಎಂಬ ಜನಪ್ರಿಯ ಥೀಮಿನ ಕರ್ತೃ ಕ್ರಿಸ್ ಪಿಯರ್ಸನ್, ನೀವು ಕೇಳುತ್ತಿರುವ ಪ್ರಶ್ನೆಯನ್ನೇ ಮುಂದಿಟ್ಟು ಜಿಪಿಎಲ್‌ಗೆ ಒಪ್ಪಲಿಲ್ಲ. 2010ರ ಜುಲೈನಲ್ಲಿ ಪಿಯರ್ಸನ್ ಮತ್ತು ಮುಲ್ಲೆನ್‌ವೆಗ್ ಬಹಿರಂಗವಾಗಿ ವಾದಿಸಿದರು. ಅದೇ ದಿನಗಳಲ್ಲಿ ಥೀಸಿಸ್‌ನೊಳಗೆ ವರ್ಡ್‌ಪ್ರೆಸ್‌ನಿಂದ ನೇರವಾಗಿ ಎತ್ತಿಕೊಂಡ ಸಾಲುಗಳಿರುವುದು ಬಯಲಾಯಿತು. ಆ ತಿಂಗಳು ಮುಗಿಯುವುದರೊಳಗೆ ಪಿಯರ್ಸನ್ ಥೀಮಿನ ಪಿಎಚ್‌ಪಿ ಭಾಗವನ್ನು ಜಿಪಿಎಲ್‌ಗೆ ಒಪ್ಪಿಸಿ, ಚಿತ್ರ, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟನ್ನು ತಮ್ಮ ಪರವಾನಗಿಯಲ್ಲೇ ಉಳಿಸಿಕೊಂಡರು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ಆದ್ದರಿಂದ ಕಾನೂನು ಸಂಸ್ಥೆಯ ಆ ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಓದಬೇಕು, ತೀರ್ಪೆಂದು ಓದಬಾರದು.

ಎದುರು ವಾದವೂ ಹುರುಳಿಲ್ಲದ್ದಲ್ಲ. ಅಮೆರಿಕದ ಒಂಬತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 1992ರಲ್ಲಿ ನಿಂಟೆಂಡೊ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ನಿಂಟೆಂಡೊ ಆಟಗಳ ವರ್ತನೆಯನ್ನು ಆಡುವಾಗಷ್ಟೇ ಬದಲಿಸುವ ಗೇಮ್ ಜೀನಿ ಎಂಬ ಸಾಧನ, ಆಟದ ಯಾವ ಭಾಗವನ್ನೂ ಸ್ಥಿರರೂಪದಲ್ಲಿ ತನ್ನೊಳಗೆ ಇಟ್ಟುಕೊಂಡಿಲ್ಲವಾದ್ದರಿಂದ, ಅದರಿಂದ ಹುಟ್ಟಿದ ಕೃತಿಯಲ್ಲ ಎಂದಿತು. ಥೀಮನ್ನು ಸ್ವತಂತ್ರ ಎನ್ನುವವರಿಗೆ ಇದು ಆಸರೆ. ಆದರೆ ಅದೇ ನ್ಯಾಯಾಲಯ 1998ರಲ್ಲಿ, ಡ್ಯೂಕ್ ನ್ಯೂಕೆಮ್ ಆಟಕ್ಕೆ ಆಟಗಾರರೇ ಬರೆದ ಮುನ್ನೂರು ಹಂತಗಳನ್ನು ಸಿಡಿಯಲ್ಲಿ ಹಾಕಿ ಮಾರಿದ ಸಂಸ್ಥೆ ತಪ್ಪು ಮಾಡಿದೆ ಎಂದಿತು. ಆ ಕಡತಗಳಲ್ಲಿ ಮೂಲ ಆಟದ ಒಂದು ಚಿತ್ರವೂ ಇರಲಿಲ್ಲ. ಯಾವ ಚಿತ್ರವನ್ನು ಎಲ್ಲಿ ಇಡಬೇಕೆಂಬ ಸೂಚನೆಗಳಷ್ಟೇ ಇದ್ದವು. ಹಾಗಿದ್ದೂ ಅವು ಮೂಲದ ಕಥೆಯನ್ನೇ ಮುಂದುವರಿಸಿದ, ಮೂಲದಿಂದ ಹುಟ್ಟಿದ ಕೃತಿಗಳೆಂದು ನ್ಯಾಯಾಲಯ ಕಂಡಿತು. ಒಂದು ಸಾಲನ್ನೂ ನಕಲು ಮಾಡಿಲ್ಲ ಎಂಬ ನಿಮ್ಮ ಮಾತು ನಿಜವಾಗಿದ್ದರೂ ಅದೊಂದೇ ಉತ್ತರವಾಗಲಾರದು ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ. ಅಮೆರಿಕದ ಕಾನೂನಿನಲ್ಲಿರುವ ‘ಮೂಲದಿಂದ ಹುಟ್ಟಿದ ಕೃತಿ’ಯ ಜಾಗದಲ್ಲಿ ಇಲ್ಲಿರುವುದು ‘ರೂಪಾಂತರ’, ಅಂದರೆ ಕೃತಿಯನ್ನು ಮರುಜೋಡಿಸುವ ಅಥವಾ ಮಾರ್ಪಡಿಸುವ ಬಳಕೆ. ಸ್ವತಂತ್ರವಾಗಿ ಬರೆದ ಪ್ರೋಗ್ರಾಮೊಂದು ಇನ್ನೊಂದರ ಜೊತೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿಯನ್ನು ಪಡೆಯುವುದಕ್ಕೆ 52ನೆಯ ಕಲಮು ಕೆಲವು ಷರತ್ತುಗಳೊಡನೆ ರಿಯಾಯಿತಿಯನ್ನೂ ಕೊಟ್ಟಿದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಸಲಹೆ ಸ್ಪಷ್ಟ: ಥೀಮಿನ ಪಿಎಚ್‌ಪಿ ಭಾಗವನ್ನು ಜಿಪಿಎಲ್‌ನಲ್ಲೇ ಕೊಡಿ. ವ್ಯಾಜ್ಯದ ಭಯದಿಂದ ಮಾತ್ರ ಈ ಮಾತು ಹೇಳುತ್ತಿಲ್ಲ. ಮಿಶೆಲ್ ವಾಲ್ಡ್ರಿಘಿ ಎಂಬುವರು ಬಿ2 ಎಂಬ ತಂತ್ರಾಂಶವನ್ನು ಬರೆದು ಜಿಪಿಎಲ್‌ನಲ್ಲಿ ಬಿಟ್ಟಿದ್ದರು. ಅದರ ಬೆಳವಣಿಗೆ ನಿಂತುಹೋದಾಗ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದೇ ಕೋಡನ್ನು ಎತ್ತಿಕೊಂಡು 2003ರಲ್ಲಿ ವರ್ಡ್‌ಪ್ರೆಸ್ ಮಾಡಿದರು. ಯಾರ ಅಪ್ಪಣೆಯನ್ನೂ ಕೇಳಬೇಕಾದ ಪ್ರಮೇಯ ಅವರಿಗೆ ಬರಲಿಲ್ಲ, ಪರವಾನಗಿಯನ್ನು ಬದಲಿಸುವ ಸ್ವಾತಂತ್ರ್ಯವೂ ಅವರಿಗೆ ಇರಲಿಲ್ಲ. ನಿಮ್ಮ ಎಂಟು ವರ್ಷಗಳ ದುಡಿಮೆಗೆ ನೆಲೆಯಾದ ತಂತ್ರಾಂಶ ಹುಟ್ಟಿದ್ದೇ, ನಿಮಗೀಗ ಹೊರೆಯೆಂದು ತೋರುತ್ತಿರುವ ಆ ಷರತ್ತಿನ ಬಲದಿಂದ. ಇನ್ನು ಮಾರಾಟದ ಮಾತು: ಜಿಪಿಎಲ್‌ನಲ್ಲಿರುವ ಥೀಮಿಗೆ ನೀವು ಎಷ್ಟು ಬೇಕಾದರೂ ಬೆಲೆ ಇಡಬಹುದು. ಕೊಂಡವರು ಅದನ್ನು ಇನ್ನೊಬ್ಬರಿಗೆ ಕೊಡದಂತೆ ತಡೆಯುವ ಅಧಿಕಾರ ಮಾತ್ರ ನಿಮಗಿರುವುದಿಲ್ಲ.

ಪ್ರಶ್ನೆ: ಥೀಮಿನ ಪಿಎಚ್‌ಪಿಗೆ ಮಾತ್ರ ಜಿಪಿಎಲ್, ಚಿತ್ರ ಮತ್ತು ವಿನ್ಯಾಸಕ್ಕೆ ಬೇರೆ ಪರವಾನಗಿ ಎಂದು ಒಡೆದು ಕೊಡುವುದು ಸರಿಯೇ? ನನ್ನ ಥೀಮಿನಲ್ಲಿ ಕನ್ನಡದ ಫಾಂಟುಗಳೂ ಇವೆ. — ಉಡುಪಿಯ ವಿನ್ಯಾಸಕರು

ಉತ್ತರ: ಕಾನೂನಿನ ದೃಷ್ಟಿಯಿಂದ ಒಡೆದು ಕೊಡಬಹುದು. ಸಿಎಸ್‌ಎಸ್ ಮತ್ತು ಚಿತ್ರಗಳು ಸರ್ವರ್‌ನಲ್ಲಿ ವರ್ಡ್‌ಪ್ರೆಸ್ ಜೊತೆ ಬೆರೆತು ಓಡುವುದಿಲ್ಲ. ಅವು ಓದುಗರ ಬ್ರೌಸರಿಗೆ ಹೋಗಿ ಅಲ್ಲಿ ಕೆಲಸ ಮಾಡುತ್ತವೆ, ಮತ್ತು ಅದೇ ಸಿಎಸ್‌ಎಸ್ ಕಡತವನ್ನು ವರ್ಡ್‌ಪ್ರೆಸ್ ಇಲ್ಲದ ತಾಣಕ್ಕೂ ಹೊಂದಿಸಬಹುದು. ಜಾಲತಾಣ ಕಟ್ಟುವ ಇನ್ನೊಂದು ತಂತ್ರಾಂಶವಾದ ದ್ರುಪಲ್ ಯೋಜನೆಯೂ ಮಾಡ್ಯೂಲ್ (ಅಲ್ಲಿನ ಪ್ಲಗಿನ್) ಮತ್ತು ಥೀಮ್‌ಗಳು ದ್ರುಪಲ್‌ನಿಂದ ಹುಟ್ಟಿದ ಕೃತಿಗಳೆಂದು ಸಾರಿ, ಬ್ರೌಸರಿಗೆ ಹೋಗುವ ಚಿತ್ರ ಮುಂತಾದವುಗಳನ್ನು ಬೇರೆಯಾಗಿ ಕಂಡಿದೆ. ಆದರೆ ಕಾನೂನು ಒಪ್ಪಿದ್ದನ್ನೆಲ್ಲ ಸಮುದಾಯ ಒಪ್ಪಬೇಕೆಂದಿಲ್ಲ. ವರ್ಡ್‌ಪ್ರೆಸ್‌ನ ಅಧಿಕೃತ ಥೀಮ್ ಸಂಗ್ರಹಕ್ಕೆ ಸೇರಬೇಕಾದರೆ ಚಿತ್ರಗಳೂ ಸೇರಿದಂತೆ ಪೂರ್ತಿ ಥೀಮ್ ಜಿಪಿಎಲ್‌ಗೆ ಹೊಂದುವಂತಿರಬೇಕು. 2013ರಲ್ಲಿ ಥೀಮ್‌ಫಾರೆಸ್ಟ್ ಮಾರುಕಟ್ಟೆಯಲ್ಲಿ ಒಡೆದ ಪರವಾನಗಿಯಲ್ಲಿ ಥೀಮ್ ಮಾರುತ್ತಿದ್ದವರನ್ನು ವರ್ಡ್‌ಕ್ಯಾಂಪ್ ಸಮಾವೇಶಗಳ ವೇದಿಕೆಯಿಂದ ದೂರವಿಟ್ಟದ್ದು ದೊಡ್ಡ ಚರ್ಚೆಗೆ ಕಾರಣವಾಯಿತು. ಆ ಮಾರುಕಟ್ಟೆ ನಡೆಸುವ ಎನ್ವಾಟೊ ಕಂಪನಿ ಅದೇ ವರ್ಷ, ಬಯಸಿದ ಕರ್ತೃಗಳು ಪೂರ್ತಿ ಜಿಪಿಎಲ್‌ನಲ್ಲೇ ಮಾರಲು ಅವಕಾಶ ಮಾಡಿಕೊಟ್ಟಿತು. ಮಾರುವವರು ಒಡೆದ ಪರವಾನಗಿಯನ್ನೇ ಆರಿಸಿಕೊಂಡರೆ, ಯಾವ ಕಡತಕ್ಕೆ ಯಾವುದು ಎಂಬುದನ್ನು ಕೊಳ್ಳುವವರಿಗೆ ಮೊದಲೇ ಬರೆದು ತಿಳಿಸಬೇಕು. ‘ಜಿಪಿಎಲ್ ಥೀಮ್’ ಎಂಬ ಹಣೆಪಟ್ಟಿ ಹಚ್ಚಿ, ಒಳಗೆ ಸಿಎಸ್‌ಎಸ್ ಬಳಕೆಗೆ ಬೇಲಿ ಹಾಕಿರುವುದು ಕೊಂಡವರಿಗೆ ಮಾಡುವ ಮೋಸವೆಂದೇ ನನ್ನ ಅಭಿಪ್ರಾಯ.

ಫಾಂಟಿನ ವಿಷಯದಲ್ಲಿ ನಿಮಗೆ ಚಿಂತೆ ಬೇಡ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದವು ಎಸ್‌ಐಎಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಅಂಥ ಫಾಂಟನ್ನು ಥೀಮಿನ ಜೊತೆ ಕಟ್ಟಿ ಹಂಚಬಹುದು, ಆ ಥೀಮನ್ನು ಮಾರಲೂ ಬಹುದು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಕರ್ತೃಗಳು ಹೆಸರನ್ನು ಕಾಯ್ದಿರಿಸಿದ್ದರೆ, ನೀವು ಒಂದು ಅಕ್ಷರವನ್ನು ತಿದ್ದಿದರೂ ಬೇರೆ ಹೆಸರು ಕೊಡಬೇಕು. ಪರವಾನಗಿಯ ಪಠ್ಯವನ್ನು ಫಾಂಟಿನ ಜೊತೆಯಲ್ಲೇ ಇಡುವುದನ್ನು ಮರೆಯಬೇಡಿ, ಎಷ್ಟೋ ಕನ್ನಡ ಥೀಮ್‌ಗಳಲ್ಲಿ ಅದೊಂದು ಕಡತವೇ ಕಾಣೆಯಾಗಿರುತ್ತದೆ. ಇನ್ನು ‘ವಾಣಿಜ್ಯ ಬಳಕೆಗೆ ಅಲ್ಲ’ ಎಂಬ ಷರತ್ತಿರುವ ಕ್ರಿಯೇಟಿವ್ ಕಾಮನ್ಸ್ ಚಿತ್ರಗಳನ್ನು ಪೂರ್ತಿ ಜಿಪಿಎಲ್ ಥೀಮಿಗೆ ಸೇರಿಸುವಂತಿಲ್ಲ. ಜಿಪಿಎಲ್ ವಾಣಿಜ್ಯ ಬಳಕೆಗೆ ಅನುಮತಿ ಕೊಡುವುದರಿಂದ ಎರಡೂ ಒಂದಕ್ಕೊಂದು ಒಗ್ಗುವುದಿಲ್ಲ.

ಪ್ರಶ್ನೆ: ‘ಒಂದು ತಾಣಕ್ಕೆ ಮಾತ್ರ’ ಎಂದು ಹೇಳಿ ಮಾರಿದ ಪ್ಲಗಿನ್ ಒಂದನ್ನು ಕೊಂಡಿದ್ದೇನೆ. ಅದು ಜಿಪಿಎಲ್ ಆಗಿರುವುದರಿಂದ ಹತ್ತು ತಾಣಗಳಲ್ಲಿ ಹಾಕಿದರೂ, ಗೆಳೆಯರಿಗೆ ಕೊಟ್ಟರೂ ತಪ್ಪಿಲ್ಲ ಎನ್ನುತ್ತಾರೆ. ಅಂಥ ಪ್ಲಗಿನ್‌ಗಳನ್ನು ಅಗ್ಗಕ್ಕೆ ಮಾರುವ ತಾಣಗಳೂ ಇವೆ. ಇದು ಕಳ್ಳತನವಲ್ಲವೇ? — ಮೈಸೂರಿನ ಓದುಗರು

ಉತ್ತರ: ಪ್ಲಗಿನ್ನಿನ ಕರ್ತೃಗಳೇ ಅದನ್ನು ಜಿಪಿಎಲ್ ಎಂದು ಸಾರಿದ್ದರೆ ಅದು ಕಳ್ಳತನವಲ್ಲ. ಪರವಾನಗಿಯ ಆರನೆಯ ವಿಧಿಯ ಪ್ರಕಾರ, ಪಡೆದವರ ಹಕ್ಕುಗಳ ಮೇಲೆ ಹಂಚುವವರು ಹೆಚ್ಚಿನ ನಿರ್ಬಂಧ ಹೇರುವಂತಿಲ್ಲ. ‘ಒಂದು ತಾಣಕ್ಕೆ ಮಾತ್ರ’ ಎಂಬ ಮಾತು ಕೋಡಿಗೆ ಅನ್ವಯಿಸಲಾರದು. ಅದು ಲೈಸೆನ್ಸ್ ಕೀ ಮೂಲಕ ಸಿಗುವ ಅಪ್‌ಡೇಟ್ ಮತ್ತು ನೆರವಿಗೆ ಅನ್ವಯಿಸುತ್ತದೆ. ನೀವು ಹಣ ತೆತ್ತಿರುವುದು ನಿಜವಾಗಿ ಆ ಸೇವೆಗೆ. ಹತ್ತು ತಾಣಗಳಲ್ಲಿ ಹಾಕಿಕೊಂಡು, ಹತ್ತಕ್ಕೂ ಅಪ್‌ಡೇಟ್ ಕೊಡಿ ಎಂದು ಕೇಳುವ ಹಕ್ಕು ನಿಮಗಿಲ್ಲ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಕರ್ತೃಗಳು ತಮ್ಮ ಪ್ಲಗಿನ್ನನ್ನು ಜಿಪಿಎಲ್ ಎಂದು ಘೋಷಿಸದೆ, ಸ್ವಂತ ಪರವಾನಗಿಯಲ್ಲಿ ಮಾರಿದ್ದಾರೆ ಎಂದಿಟ್ಟುಕೊಳ್ಳಿ. ‘ಇದು ವರ್ಡ್‌ಪ್ರೆಸ್‌ನಿಂದ ಹುಟ್ಟಿದ್ದು, ಆದ್ದರಿಂದ ತಾನಾಗಿಯೇ ಜಿಪಿಎಲ್’ ಎಂದು ನೀವೇ ತೀರ್ಮಾನಿಸಿ ಹಂಚುವಂತಿಲ್ಲ. ಅವರು ಜಿಪಿಎಲ್ ಷರತ್ತನ್ನು ಮುರಿದಿದ್ದರೆ ಅದು ಅವರಿಗೂ ವರ್ಡ್‌ಪ್ರೆಸ್‌ನ ಕೃತಿಸ್ವಾಮ್ಯ ಹೊಂದಿದವರಿಗೂ ನಡುವಿನ ವಿಷಯ. ನಾಲ್ಕನೆಯ ವಿಧಿಯಂತೆ ಅವರು ವರ್ಡ್‌ಪ್ರೆಸ್ ಹಂಚುವ ಹಕ್ಕನ್ನು ಕಳೆದುಕೊಳ್ಳಬಹುದು. ಆದರೆ ಅವರು ಕೊಡದಿರುವ ಅನುಮತಿ ಅದರಿಂದ ನಿಮ್ಮ ಕೈಗೆ ಬರುವುದಿಲ್ಲ. ಪ್ಲಗಿನ್ನಿನ ಮುಖ್ಯ ಕಡತದ ಮೇಲ್ಭಾಗದಲ್ಲಿ ಪರವಾನಗಿಯ ಹೆಸರನ್ನು ಬರೆಯುವ ರೂಢಿಯಿದೆ, ಅದನ್ನು ತೆರೆದು ನೋಡಿ.

ಅಗ್ಗದ ತಾಣಗಳ ವಿಷಯದಲ್ಲಿ ಕಾನೂನಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಲೈಸೆನ್ಸ್ ಪರೀಕ್ಷಿಸುವ ಸಾಲುಗಳನ್ನು ಕಿತ್ತುಹಾಕಿ, ‘ನಲ್ಡ್’ ಎಂಬ ಹೆಸರಿನಲ್ಲಿ ಹಂಚುವ ಪ್ರತಿಗಳಲ್ಲಿ ಹಿಂಬಾಗಿಲು ತೆರೆಯುವ ಕೋಡನ್ನು ಸೇರಿಸಿರುವುದು ಮತ್ತೆ ಮತ್ತೆ ಕಂಡುಬಂದಿದೆ. ನನಗೆ ಗೊತ್ತಿರುವ ಸಣ್ಣ ಪತ್ರಿಕೆಯೊಂದರ ತಾಣಕ್ಕೆ ಇಂಥ ಪ್ಲಗಿನ್ ಹಾಕಿದ ಮೇಲೆ, ಕನ್ನಡ ಲೇಖನಗಳ ನಡುವೆ ಜೂಜಿನ ತಾಣಗಳ ಕೊಂಡಿಗಳು ಮೂಡಿದವು. ಅವು ಸಂಪಾದಕರಿಗೆ ಕಾಣುತ್ತಿರಲಿಲ್ಲ, ಹೊರಗಿನ ಓದುಗರಿಗೆ ಮಾತ್ರ ಕಾಣುತ್ತಿದ್ದವು. ಅದನ್ನು ಶುದ್ಧಮಾಡಲು ಹೋದ ದಿನಗಳ ಮುಂದೆ ಉಳಿಸಿದ ಹಣ ಏನೂ ಅಲ್ಲ. ಇನ್ನೊಂದು ಮಾತು: ಜಿಪಿಎಲ್ ಕೊಡುವುದು ಕೃತಿಸ್ವಾಮ್ಯದ ಅನುಮತಿಯನ್ನು. ಪ್ಲಗಿನ್ನಿನ ಹೆಸರು ಮತ್ತು ಲಾಂಛನಗಳು ಟ್ರೇಡ್‌ಮಾರ್ಕ್ ಕಾನೂನಿಗೆ ಸೇರಿದವು. ಕೋಡನ್ನು ಮರುಹಂಚುವವರು ಮೂಲ ಸಂಸ್ಥೆಯೇ ತಾವೆಂಬಂತೆ ತೋರಿಸಿಕೊಂಡರೆ ಜಿಪಿಎಲ್ ಅವರನ್ನು ಕಾಪಾಡುವುದಿಲ್ಲ. ಜಿಪಿಎಲ್ ಕೋಡನ್ನು ಎತ್ತಿಕೊಂಡು ಮರ್ಯಾದೆಯಿಂದ ಬೆಳೆಸುವ ದಾರಿಯೂ ಇದೆ. 2011ರಲ್ಲಿ ವೂಥೀಮ್ಸ್ ಸಂಸ್ಥೆ ಜಿಗೋಶಾಪ್ ಎಂಬ ಪ್ಲಗಿನ್ನಿನ ಕೋಡನ್ನು ಕವಲೊಡೆಸಿ, ಹೊಸ ಹೆಸರಿಟ್ಟು, ಅದರ ಇಬ್ಬರು ಬರಹಗಾರರನ್ನೇ ಕೆಲಸಕ್ಕೆ ಕರೆದುಕೊಂಡು ವೂಕಾಮರ್ಸ್ ಕಟ್ಟಿತು. ಇಂದು ನಮ್ಮ ಎಷ್ಟೋ ಪುಸ್ತಕದಂಗಡಿಗಳ ಜಾಲಮಳಿಗೆಗಳು ಅದರ ಮೇಲೆಯೇ ನಡೆಯುತ್ತಿವೆ.

ಪ್ರಶ್ನೆ: ನಮ್ಮ ಶಾಲೆಗೆ ಹೊರಗಿನ ಯುವಕರೊಬ್ಬರು ಹಣ ಪಡೆದು ವರ್ಡ್‌ಪ್ರೆಸ್ ಥೀಮ್ ಮಾಡಿಕೊಟ್ಟರು. ಈಗ ಬೇರೆಯವರಿಂದ ಅದನ್ನು ತಿದ್ದಿಸಲು ಹೊರಟರೆ, ‘ಕೃತಿಸ್ವಾಮ್ಯ ನನ್ನದು, ಮುಟ್ಟುವಂತಿಲ್ಲ’ ಎನ್ನುತ್ತಿದ್ದಾರೆ. ಹಣ ಕೊಟ್ಟವರು ನಾವಲ್ಲವೇ? — ದಾವಣಗೆರೆಯ ಆಡಳಿತ ಮಂಡಳಿ ಸದಸ್ಯರು

ಉತ್ತರ: ಅವರ ಮಾತಿನ ಮೊದಲರ್ಧ ಸರಿ, ಎರಡನೆಯ ಅರ್ಧ ಸರಿಯಲ್ಲ. ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ನೌಕರರು ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಮಿನ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದು. ಹೊರಗಿನಿಂದ ಬಂದು ಗುತ್ತಿಗೆಯಲ್ಲಿ ಬರೆದುಕೊಟ್ಟವರಿಗೆ ಈ ನಿಯಮ ಅನ್ವಯಿಸುವುದಿಲ್ಲ, ಕೃತಿಸ್ವಾಮ್ಯ ಅವರಲ್ಲೇ ಉಳಿಯುತ್ತದೆ. ಅದು ನಿಮಗೆ ಬರಬೇಕಾದರೆ 19ನೆಯ ಕಲಮಿನಂತೆ ಸಹಿ ಮಾಡಿದ ಲಿಖಿತ ಹಸ್ತಾಂತರ ಬೇಕು. ಆ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯಿದೆ ತಿಳಿದುಕೊಳ್ಳುತ್ತದೆ. ಇಲ್ಲಿ ಹಣ ಕೊಟ್ಟ ರಸೀದಿ ಸಾಲದು.

ಹಾಗೆಂದು ನಿಮ್ಮ ಕೈ ಕಟ್ಟಿದಂತಾಗಲಿಲ್ಲ. ಅವರು ಥೀಮನ್ನು ನಿಮ್ಮ ಸರ್ವರಿಗೆ ಹಾಕಿ ಒಪ್ಪಿಸಿದ್ದು ಜಿಪಿಎಲ್‌ನ ಅರ್ಥದಲ್ಲಿ ಹಂಚಿಕೆ. ಹಂಚಿಕೆಯಾದ ಮೇಲೆ ಪಿಎಚ್‌ಪಿ ಭಾಗವನ್ನು ಓದುವ, ತಿದ್ದುವ, ತಿದ್ದಿಸುವ ಅನುಮತಿಯನ್ನು ಅವರು ನಿಮಗೆ ಕೊಡಬೇಕಾಗುತ್ತದೆ. ವರ್ಡ್‌ಪ್ರೆಸ್ ಪರವಾನಗಿಯ ಲಾಭ ಪಡೆದು ಕೆಲಸ ಮಾಡಿದವರು, ಅದೇ ಪರವಾನಗಿ ಮುಂದಿನವರಿಗೆ ಕೊಡುವ ಹಕ್ಕನ್ನು ತಡೆಯುವುದು ನ್ಯಾಯವಲ್ಲ. ನಾನು ಮೇಲೆ ಹೇಳಿದ ಎಚ್ಚರ ಇಲ್ಲಿಯೂ ಇರಲಿ. ಥೀಮಿನ ಕಡತದಲ್ಲಿ ಜಿಪಿಎಲ್ ಎಂದು ಅವರೇ ಬರೆದಿದ್ದರೆ ನಿಮ್ಮ ದಾರಿ ಸಲೀಸು. ಬರೆದಿಲ್ಲದಿದ್ದರೆ ಮೊದಲು ಪತ್ರ ಬರೆದು ಜಿಪಿಎಲ್ ಪ್ರಕಾರದ ಅನುಮತಿಯನ್ನು ಬರಹದಲ್ಲಿ ಕೇಳಿ, ವಕೀಲರ ಸಲಹೆಯೊಡನೆ ಮುಂದುವರಿಯಿರಿ. ಇಂಥ ಷರತ್ತುಗಳು ಬರೀ ಸೌಜನ್ಯದ ಮಾತಲ್ಲವೆಂಬುದಕ್ಕೆ ಅಮೆರಿಕದ ಫೆಡರಲ್ ಸರ್ಕಿಟ್ ನ್ಯಾಯಾಲಯ 2008ರಲ್ಲಿ ಜೇಕಬ್‌ಸನ್ ಮತ್ತು ಕಾಟ್ಜರ್ ನಡುವಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಸಾಕ್ಷಿ. ಆಟಿಕೆ ರೈಲುಗಳನ್ನು ಕಂಪ್ಯೂಟರಿನಿಂದ ನಡೆಸುವ ಮುಕ್ತ ತಂತ್ರಾಂಶವೊಂದರ ಕುರಿತ ಆ ಮೊಕದ್ದಮೆಯಲ್ಲಿ, ಹಣ ಪಡೆಯದೆ ಕೊಟ್ಟ ಪರವಾನಗಿಯ ಷರತ್ತುಗಳನ್ನು ಮೀರುವುದೂ ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದೆಂದು ನ್ಯಾಯಾಲಯ ಹೇಳಿತು. ಮುಂದಿನ ಬಾರಿ ಕೆಲಸ ಒಪ್ಪಿಸುವ ಮೊದಲೇ, ಥೀಮಿನ ಎಲ್ಲ ಕಡತಗಳೂ ಜಿಪಿಎಲ್‌ನಲ್ಲಿರುತ್ತವೆ ಎಂಬ ಒಂದು ವಾಕ್ಯವನ್ನು ಒಪ್ಪಂದಕ್ಕೆ ಸೇರಿಸಿ.

ಪ್ರಶ್ನೆ: ಮೂರು ಆಯಾಮದ ಮಾದರಿಗಳನ್ನು ರಚಿಸುವ ಬ್ಲೆಂಡರ್ ತಂತ್ರಾಂಶಕ್ಕೆ ಯಕ್ಷಗಾನದ ವೇಷಭೂಷಣಗಳ ಮಾದರಿ ರಚಿಸುವ ಆಡ್-ಆನ್ ಒಂದನ್ನು ಬರೆದಿದ್ದೇನೆ. ಚಿತ್ರ ತಿದ್ದುವ ಗಿಂಪ್‌ಗೂ ಒಂದು ಪ್ಲಗಿನ್ ಬರೆಯುತ್ತಿದ್ದೇನೆ. ಎರಡಕ್ಕೂ ಜಿಪಿಎಲ್ ಕಡ್ಡಾಯವೇ? ಅವುಗಳಿಂದ ಮಾಡಿದ ಚಿತ್ರಗಳೂ ಜಿಪಿಎಲ್ ಆಗುತ್ತವೆಯೇ? — ಮಂಗಳೂರಿನ ವಿದ್ಯಾರ್ಥಿನಿ

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಈ ಎರಡು ತಂತ್ರಾಂಶಗಳೂ ಜಿಪಿಎಲ್‌ನಲ್ಲೇ ಇವೆ, ಆದರೂ ನಿಮ್ಮ ಎರಡು ಕೆಲಸಗಳಿಗೆ ಉತ್ತರ ಬೇರೆ ಬೇರೆ. ಬ್ಲೆಂಡರ್‌ನ ಪೈಥಾನ್ ಎಪಿಐ (ಹೊರಗಿನ ಕೋಡ್ ಅದರ ಸೌಲಭ್ಯಗಳನ್ನು ಕರೆಯುವ ದಾರಿ) ಆ ತಂತ್ರಾಂಶದ ಅವಿಭಾಜ್ಯ ಭಾಗ. ಅದನ್ನು ಕರೆಯುವ ಆಡ್-ಆನ್‌ಗಳನ್ನು ಹಂಚುವುದಾದರೆ ಜಿಪಿಎಲ್‌ಗೆ ಹೊಂದುವ ಪರವಾನಗಿಯಲ್ಲಿ ಹಂಚಬೇಕೆಂದು ಬ್ಲೆಂಡರ್ ಫೌಂಡೇಷನ್ ಹೇಳುತ್ತದೆ. ಗಿಂಪ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಪ್ಲಗಿನ್ ಪ್ರತ್ಯೇಕ ಪ್ರೋಗ್ರಾಮಾಗಿ ಓಡುತ್ತದೆ, ಮತ್ತು ಅದು ಗಿಂಪ್ ಜೊತೆ ಮಾತನಾಡಲು ಬಳಸುವ ಲೈಬ್ರರಿಯನ್ನು ಸಡಿಲ ಷರತ್ತಿನ ಎಲ್‌ಜಿಪಿಎಲ್‌ನಲ್ಲಿ ಬೇಕೆಂದೇ ಇಟ್ಟಿದ್ದಾರೆ. ನೀವು ಬಯಸಿದರೆ ಮುಚ್ಚಿದ ಪರವಾನಗಿಯ ಪ್ಲಗಿನ್ನನ್ನೂ ಬರೆಯಬಹುದು. ಪ್ಲಗಿನ್ ಎಂದು ಕರೆದ ಮಾತ್ರಕ್ಕೆ ಪರವಾನಗಿ ಅಂಟುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ. ತಂತ್ರಾಂಶವನ್ನು ಕಟ್ಟಿದವರು ಎರಡರ ನಡುವೆ ಎಂಥ ಬಾಗಿಲಿಟ್ಟಿದ್ದಾರೆ ಎಂಬುದನ್ನು ನೋಡಬೇಕು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಪರವಾನಗಿ ಕಡತದಲ್ಲಿಯೂ ಇಂಥದೇ ಒಂದು ಟಿಪ್ಪಣಿಯಿದೆ. ಸಾಮಾನ್ಯ ಸಿಸ್ಟಮ್ ಕರೆಗಳ ಮೂಲಕ ಕರ್ನೆಲ್‌ನ ಸೇವೆಯನ್ನು ಬಳಸುವ ಪ್ರೋಗ್ರಾಮ್‌ಗಳು ಅದರಿಂದ ಹುಟ್ಟಿದ ಕೃತಿಗಳಲ್ಲವೆಂದು ಅಲ್ಲಿ ಬರೆದಿದೆ.

ಚಿತ್ರಗಳ ಬಗ್ಗೆ ಗೊಂದಲ ಬೇಡ. ಬ್ಲೆಂಡರ್‌ನಲ್ಲಿ ನೀವು ರಚಿಸಿದ ಮಾದರಿ, ಚಿತ್ರ, ಚಲನಚಿತ್ರ ಎಲ್ಲವೂ ನಿಮ್ಮದೇ. ಅವನ್ನು ಯಾವ ಪರವಾನಗಿಯಲ್ಲಾದರೂ ಕೊಡಬಹುದು.

ಪ್ರಶ್ನೆ: ಒಂದು ಪ್ಲಗಿನ್ನಿನ ಪದಗಳನ್ನೆಲ್ಲ ಕನ್ನಡಕ್ಕೆ ಅನುವಾದಿಸಿದ್ದೇನೆ. ಆ ಅನುವಾದದ ಕಡತವನ್ನು ಮಾರಬಹುದೇ? ಅದು ಯಾರ ಸ್ವತ್ತು? — ಕಲಬುರಗಿಯ ಶಿಕ್ಷಕರು

ಉತ್ತರ: ಕೃತಿಯೊಂದನ್ನು ಅನುವಾದಿಸುವ ಹಕ್ಕು ನಮ್ಮ ಕಾಯಿದೆಯ 14ನೆಯ ಕಲಮಿನಂತೆ ಮೂಲ ಒಡೆಯರದು. ಪ್ಲಗಿನ್ ಜಿಪಿಎಲ್‌ನಲ್ಲಿದ್ದರೆ ಆ ಅನುಮತಿ ನಿಮಗೆ ಆಗಲೇ ಸಿಕ್ಕಿದೆ, ಏಕೆಂದರೆ ಜಿಪಿಎಲ್ ತನ್ನ ಪಠ್ಯದಲ್ಲೇ ಅನುವಾದವನ್ನು ಮಾರ್ಪಾಡಿನ ಒಂದು ಬಗೆಯೆಂದು ಎಣಿಸುತ್ತದೆ. ಅನುವಾದದ ಪದಗಳನ್ನು ಆರಿಸಿದ ಶ್ರಮ ನಿಮ್ಮದು, ಹೆಸರೂ ನಿಮ್ಮದಿರಲಿ. ಹಂಚುವಾಗ ಪರವಾನಗಿ ಮಾತ್ರ ಜಿಪಿಎಲ್ ಆಗಿರಲಿ. ಹಣ ಪಡೆಯಲು ಅಡ್ಡಿಯಿಲ್ಲ. ಆದರೆ ಅದನ್ನು ಪ್ಲಗಿನ್ನಿನ ಅಧಿಕೃತ ಅನುವಾದಕ್ಕೆ ಸೇರಿಸಿದರೆ ಅದು ಅಪ್‌ಡೇಟ್ ಜೊತೆಗೇ ಎಲ್ಲ ಕನ್ನಡ ತಾಣಗಳಿಗೂ ತಲುಪುತ್ತದೆ, ಮತ್ತು ನಿಮ್ಮ ನಂತರದವರು ಅದನ್ನು ತಿದ್ದುತ್ತ ಹೋಗಬಹುದು. ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿಯೂ ಜಿಪಿಎಲ್ ತಂತ್ರಾಂಶವೇ. ಅದರ ಗುಂಡಿಗಳೂ ಸೂಚನೆಗಳೂ ಕನ್ನಡದಲ್ಲಿ ಕಾಣುತ್ತಿರುವುದು ನಿಮ್ಮಂಥ ಸ್ವಯಂಸೇವಕರು ಹೀಗೆ ಕೊಟ್ಟ ಅನುವಾದದಿಂದ.

ಪ್ರಶ್ನೆ: ನಮ್ಮ ಪ್ಲಗಿನ್ನಿನ ಮುಖ್ಯ ಲೆಕ್ಕಾಚಾರವನ್ನು ಗುಟ್ಟಾಗಿಡಬೇಕು. ಪಿಎಚ್‌ಪಿಯನ್ನು ಓದಲಾಗದಂತೆ ಸಂಕೇತೀಕರಿಸಿ ಮಾರಬಹುದೇ? ಅಥವಾ ಎಂಐಟಿ ಪರವಾನಗಿ ಇರುವ ಬೇರೆ ತಂತ್ರಾಂಶಕ್ಕೆ ಹೋಗಬೇಕೇ? — ಬೆಂಗಳೂರಿನ ಉದ್ಯಮಿ

ಉತ್ತರ: ಸಂಕೇತೀಕರಿಸಿ ಕೊಡುವುದು ಜಿಪಿಎಲ್‌ಗೆ ಒಗ್ಗುವುದಿಲ್ಲ. ತಿದ್ದುಪಡಿ ಮಾಡಲು ಅನುಕೂಲವಾದ ರೂಪದ ಕೋಡನ್ನೇ ಅದು ಸೋರ್ಸ್ ಎಂದು ಕರೆಯುತ್ತದೆ, ಮತ್ತು ಅದನ್ನು ಪಡೆಯುವ ಹಕ್ಕನ್ನು ಕೊಂಡವರಿಗೆ ಕೊಡುತ್ತದೆ. ಆದರೆ ಲೆಕ್ಕಾಚಾರವನ್ನು ನಿಮ್ಮದೇ ಸರ್ವರ್‌ನಲ್ಲಿ ಇಟ್ಟು, ಪ್ಲಗಿನ್ ಅಲ್ಲಿಗೆ ಪ್ರಶ್ನೆ ಕಳಿಸಿ ಉತ್ತರ ಪಡೆಯುವಂತೆ ಮಾಡಬಹುದು. ಆಗ ಹಂಚುವ ಪ್ಲಗಿನ್ ಮಾತ್ರ ಜಿಪಿಎಲ್. ಸರ್ವರ್‌ನಲ್ಲಿರುವುದು ಹಂಚಿಕೆಯಾಗದ ಕಾರಣ ನಿಮ್ಮಲ್ಲೇ ಉಳಿಯುತ್ತದೆ. ಆ ಸರ್ವರ್‌ನಲ್ಲಿ ಎಜಿಪಿಎಲ್ ಪರವಾನಗಿಯ ಕೋಡನ್ನು ತಿದ್ದಿ ಬಳಸಿದ್ದರೆ ಮಾತ್ರ, ಜಾಲದ ಮೂಲಕ ಬಳಸುವವರಿಗೂ ಸೋರ್ಸ್ ಕೊಡಬೇಕಾಗುತ್ತದೆ. ಎಂಐಟಿ ಅಥವಾ ಬಿಎಸ್‌ಡಿ ಪರವಾನಗಿಯ ತಂತ್ರಾಂಶಕ್ಕೆ ಬರೆದ ಪ್ಲಗಿನ್ನನ್ನು ನೀವು ಹೇಗೆ ಬೇಕಾದರೂ ಮಾರಬಹುದು, ಅವು ಕೇಳುವುದು ಮುಖ್ಯವಾಗಿ ತಮ್ಮ ಕೃತಿಸ್ವಾಮ್ಯದ ಸಾಲುಗಳನ್ನು ಉಳಿಸಿಕೊಳ್ಳಿ ಎಂದು. ಅಪಾಚೆ 2.0 ಪರವಾನಗಿಯ ಲೈಬ್ರರಿಯನ್ನು ವರ್ಡ್‌ಪ್ರೆಸ್ ಪ್ಲಗಿನ್ನಿಗೆ ಸೇರಿಸುವಾಗ ಒಂದು ಎಚ್ಚರಿಕೆ ಬೇಕು. ಅದು ಜಿಪಿಎಲ್‌ನ ಎರಡನೆಯ ಆವೃತ್ತಿಗೆ ಹೊಂದುವುದಿಲ್ಲ, 2007ರ ಮೂರನೆಯ ಆವೃತ್ತಿಗೆ ಹೊಂದುತ್ತದೆ. ವರ್ಡ್‌ಪ್ರೆಸ್ ‘ಎರಡನೆಯ ಅಥವಾ ನಂತರದ ಆವೃತ್ತಿ’ ಎಂದು ಬರೆದಿರುವುದರಿಂದ, ಅಂಥ ಪ್ಲಗಿನ್ನಿನ ಮೇಲೆ ‘ಜಿಪಿಎಲ್ 3’ ಎಂದು ನಮೂದಿಸಿ ಹಂಚಿ.